ಇಣಚಿ ಜಿಗಿಯುವ ಮುನ್ನ

ಅಳಿಲನ್ನು ಕಾಣದ ಮಗು ಕರ್ನಾಟಕದಲ್ಲಿ ಇರಲಾರದು. ಹುಲಿ, ಆನೆಗಳನ್ನು ನೋಡಬೇಕೆಂದರೆ ಬಂಡೀಪುರಕ್ಕೋ ನಾಗರಹೊಳೆಗೋ ಹೋಗಬೇಕು. ಅಳಿಲು ಹಾಗಲ್ಲ, ತಾನಾಗಿಯೇ ಅಂಗಳಕ್ಕೆ ಬರುತ್ತದೆ. ಒಣಹಾಕಿದ ಶೇಂಗಾ ಕದಿಯುತ್ತದೆ, ಚಿಕ್‌ಚಿಕ್ ಎಂದು ಬೈದು ಮರ ಹತ್ತುತ್ತದೆ. ಉತ್ತರ ಕರ್ನಾಟಕದ ಮಂದಿ ಇದನ್ನು ಇಣಚಿ ಎನ್ನುತ್ತಾರೆ. ಇಷ್ಟು ಹತ್ತಿರದ ಈ ಪ್ರಾಣಿ ಮರದಿಂದ ಗೋಡೆಗೆ ಹಾರುವಾಗ ಅದರ ಮುಂಗಾಲು ಹೇಗಿರುತ್ತದೆ, ಬಾಲ ಎತ್ತ ಇರುತ್ತದೆ ಎಂದು ಕೇಳಿ ನೋಡಿ. ಉತ್ತರ ಹೇಳುವವರು ಸಿಗುವುದು ಕಷ್ಟ. ಅದನ್ನು ಕಂಡವರು ಎಲ್ಲರೂ, ನೋಡಿದವರು ಕೆಲವರೇ.

ಹುಮನಾಬಾದಿನ ಒಬ್ಬ ಹುಡುಗನಿಗೆ ಈ ಪ್ರಶ್ನೆ ತಲೆಯೊಳಗೆ ಹೊಕ್ಕಿತು. ಆತನ ತಂದೆಗೆ ಅಲ್ಲಿ ಒಂದು ಸಣ್ಣ ಫೋಟೊ ಸ್ಟುಡಿಯೋ ಇದೆ. ಅದು ರೋಲಿನ ಕಾಲದಲ್ಲಿ ತೆರೆದ ಅಂಗಡಿ. ವೀರಭದ್ರೇಶ್ವರ ಜಾತ್ರೆ ಬಂದರೆ ಹಳ್ಳಿಗಳಿಂದ ಬಂದ ಸಂಸಾರಗಳು ಪರದೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಲಗ್ನಸರಾಯಿಯಲ್ಲಿ ಊಟಕ್ಕೂ ಪುರಸೊತ್ತು ಇರುತ್ತಿರಲಿಲ್ಲ. ಮೊಬೈಲ್ ಫೋನಿನಲ್ಲಿ ಕ್ಯಾಮೆರಾ ಬಂತು. ಆಧಾರ್‌ನಂಥ ಕಾರ್ಡುಗಳಿಗೆ ಕೇಂದ್ರದಲ್ಲೇ ಕೂಡಿಸಿ ಫೋಟೊ ತೆಗೆಯತೊಡಗಿದರು. ಅಂಗಡಿಯ ಬೆಂಚು ಖಾಲಿಯಾಗುತ್ತ ಬಂತು. "ಈ ಧಂದೆ ನನ್ನ ಸಂಗಡಾನೇ ಮುಗೀಲಿ. ನೀ ಓದು" ಎಂಬುದು ತಂದೆ ಮಗನಿಗೆ ಹೇಳುತ್ತಿದ್ದ ಮಾತು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು.

2023ರ ಏಪ್ರಿಲ್ 15ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು. ಹುಡುಗ ಬಸವಕಲ್ಯಾಣಕ್ಕೆ, ಆಯಿಯ ಮನೆಗೆ, ಹೊರಟು ನಿಂತ. ಹೊರಡುವಾಗ ಕೇಳಿದ್ದು ಒಂದೇ:

"ಅಪ್ಪಾ, ಕಪಾಟಿನಾಗಿನ ಹಳೀ ಕ್ಯಾಮೆರಾ ಒಯ್ಲಾ?"

"ಏನ್ ತೆಗೀತಿ?"

"ಇಣಚಿ. ಜಿಗಿಯೋದು."

"ಕುಂತಿದ್ದ ಇಣಚಿ ತೆಗದು ತೋರ್ಸು ಮೊದಲ" ಎಂದು ತಂದೆ ನಕ್ಕರು. ತಾಯಿಗೆ ಮಾತ್ರ ನಗು ಬರಲಿಲ್ಲ. "ರಜಾದಾಗ ಮುಂದಿನ ವರ್ಷದ ಗಣಿತ ನೋಡ್ಕೋ ಅಂದ್ರ ಇಣಚಿ ಹಿಂದ ಹೊಂಟಾನ" ಎಂದರು. ಕೊನೆಗೆ ಒಂದು ಕರಾರಾಯಿತು. ಫಲಿತಾಂಶ ಬರುವ ತನಕ ಕ್ಯಾಮೆರಾ ಹುಡುಗನದು. ಆಮೇಲೆ ಪುಸ್ತಕ.

ಹುಮನಾಬಾದಿನಿಂದ ಬಸವಕಲ್ಯಾಣ ಬಸ್ಸಿನಲ್ಲಿ ಒಂದು ನಿದ್ದೆಯ ದಾರಿ. ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ, ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ನಡೆದಾಡಿದ ಊರು ಅದು. ಕೋಟೆ ಊರಿಗೆ ಅಂಟಿಕೊಂಡೇ ಇದೆ. ಆಯಿಯ ಮನೆ ಹಳೆ ಓಣಿಯಲ್ಲಿ. ಹಿತ್ತಲಲ್ಲಿ ಒಂದು ಬೇವಿನ ಮರ, ಅದರ ಎದುರಿಗೆ ಮೊಂಡಾಗಿ ನಿಂತ ಒಂದು ಹಾಳು ಗೋಡೆ. ಬೇಸಿಗೆ ಬಂದರೆ ಆಯಿ ಗೋಡೆಯ ಮೇಲೆ ಮಣ್ಣಿನ ಪರಟಿಯಲ್ಲಿ ನೀರಿಟ್ಟು ಪಕ್ಕದಲ್ಲಿ ಒಂದು ಹಿಡಿ ಜೋಳ ಚೆಲ್ಲುತ್ತಾರೆ. ಬೇವಿನ ಕೊಂಬೆಯಿಂದ ಆ ಗೋಡೆಗೆ ಇಣಚಿ ದಿನಕ್ಕೆ ಹತ್ತಾರು ಸಲ ಜಿಗಿಯುತ್ತದೆ. ಚಿತ್ರ ತೆಗೆಯಲು ಇದಕ್ಕಿಂತ ಒಳ್ಳೆ ಜಾಗ ಬೇಕೇ?

ಮೊದಲ ವಾರ ಹುಡುಗ ನಾನೂರಕ್ಕೂ ಹೆಚ್ಚು ಚಿತ್ರ ತೆಗೆದ. ಅವುಗಳಲ್ಲಿ ಏನಿತ್ತು? ಖಾಲಿ ಕೊಂಬೆ ಇತ್ತು, ಖಾಲಿ ಗೋಡೆ ಇತ್ತು. ಒಂದೆರಡರಲ್ಲಿ ಬಾಲದ ತುದಿ, ಇನ್ನೊಂದರಲ್ಲಿ ಕಂದು ಬಣ್ಣದ ಒಂದು ಗೆರೆ. ಬಟನ್ ಒತ್ತಿ ಹಿಡಿದರೆ ಆ ಕ್ಯಾಮೆರಾ ಸೆಕೆಂಡಿಗೆ ಮೂರು ಚಿತ್ರ ತೆಗೆಯುತ್ತದೆ. ಮೂರರಲ್ಲಿ ಒಂದಾದರೂ ಸಿಗಬೇಡವೇ ಎಂದು ಹುಡುಗನಿಗೆ ಸಿಟ್ಟು ಬಂತು.

ಸಿಟ್ಟಿನಲ್ಲಿ ಮಾಡಿದ ಕೆಲಸ ಯಾವಾಗಲೂ ಕೆಟ್ಟದ್ದೇ. ಸೋದರಮಾವನ ಮಗ ಪಕ್ಕದಲ್ಲಿದ್ದ. "ನಾ ಓಡಿಸ್ತೀನಿ, ನೀ ಹೊಡಿ" ಎಂದು ಇಬ್ಬರೂ ಮಾತಾಡಿಕೊಂಡರು. ಹುಡುಗ ಕಣ್ಣು ಕ್ಯಾಮೆರಾಕ್ಕೆ ಹಚ್ಚಿದ. ಇಣಚಿ ಕೊಂಬೆಯ ತುದಿಗೆ ಬಂದು ಕೂತಿತ್ತು. ಮಾವನ ಮಗ ಒಂದು ಹರಳು ಎಸೆದ. ಇಣಚಿ ಹಾರಿತು, ಆದರೆ ಗೋಡೆಯನ್ನು ಮುಟ್ಟಲಿಲ್ಲ. ಅಂಚಿಗೆ ತಾಗಿ, ಉಗುರು ಜಾರಿ, ಕೆಳಗಿನ ಕಲ್ಲಿನ ಮೇಲೆ ಧಪ್ಪನೆ ಬಿತ್ತು. ಒಂದು ಕ್ಷಣ ಅಲ್ಲಾಡಲಿಲ್ಲ. ಆಮೇಲೆ ಎದ್ದು ಕಲ್ಲಿನ ಸಂದಿಯೊಳಗೆ ನುಗ್ಗಿತು.

ಸದ್ದಿಗೆ ಆಯಿ ಹೊರಗೆ ಬಂದರು. ನಡೆದದ್ದು ತಿಳಿದು ಬಹಳ ಹೊತ್ತು ಏನೂ ಅನ್ನಲಿಲ್ಲ. ಕೊನೆಗೆ, "ನೀರು ಕುಡೀಲಾಕ ಬಂದಿದ್ದನ್ನ ಹೊಡದ್ರಿ, ತಮ್ಮಾ" ಎಂದಷ್ಟೇ ಹೇಳಿ ಒಳಗೆ ಹೋದರು.

ಮೂರು ದಿನ ಗೋಡೆಯ ಮೇಲೆ ಇಣಚಿ ಕಾಣಲಿಲ್ಲ. ಜೋಳ ಹಾಗೇ ಉಳಿಯಿತು. ಹುಡುಗ ಕ್ಯಾಮೆರಾ ಮುಟ್ಟಲಿಲ್ಲ. ಸಂದಿಯೊಳಗೆ ಇಣುಕಿ ನೋಡಿದ, ಬೇವಿನ ಮರದ ಗೂಡಿನ ಕಡೆ ಕಿವಿಯಿಟ್ಟು ನಿಂತ. ನಾಲ್ಕನೆಯ ದಿನ ಬೆಳಿಗ್ಗೆ ಒಂದು ಇಣಚಿ ಗೋಡೆಗೆ ಬಂದು ನೀರು ಕುಡಿಯಿತು. ಅದೇ ಇಣಚಿಯೋ ಬೇರೆಯದೋ ಎಂದು ಅವನಿಗೆ ಹೇಳಲಾಗಲಿಲ್ಲ. ಎರಡು ವಾರ ನೋಡಿಯೂ ಗುರುತು ಹಿಡಿಯಲಾರೆನೆಂಬುದು ಅವನಿಗೆ ಬಿದ್ದ ಇಣಚಿಯಷ್ಟೇ ನೋವು ಕೊಟ್ಟಿತು.

ಇಷ್ಟಕ್ಕೂ ಅದು ಬಿದ್ದದ್ದೇಕೆ? ಅಳಿಲು ಕಾಲುಜಾರಿ ಬೀಳುವುದನ್ನು ನೋಡಿದವರು ಬಹಳ ಕಡಿಮೆ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಲ್ಲಿನ ಅಳಿಲುಗಳಿಗೆ ಶೇಂಗಾಬೀಜದ ಆಸೆ ತೋರಿಸಿ, ಬಾಗುವ ಕೋಲುಗಳಿಂದ ಜಿಗಿಯುವಂತೆ ಮಾಡಿ, ವೇಗದ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದರ ವರದಿ ಬಂತು. ಕೊಂಬೆಯ ತುದಿಗೆ ಹೋದಷ್ಟೂ ಜಿಗಿಯಬೇಕಾದ ದೂರ ಕಡಿಮೆ, ಆದರೆ ಕೊಂಬೆ ಹೆಚ್ಚು ಬಾಗುತ್ತದೆ, ಒದೆಯಲು ಆಧಾರ ಸಿಗುವುದಿಲ್ಲ. ಅಳಿಲು ಇವೆರಡನ್ನೂ ತೂಗಿ ನೋಡಿ ಎಲ್ಲಿಂದ ಹಾರಬೇಕೆಂದು ತೀರ್ಮಾನಿಸುತ್ತದೆ. ಅದರ ತಕ್ಕಡಿಯಲ್ಲಿ ದೂರಕ್ಕಿಂತ ಕೊಂಬೆಯ ಬಾಗುವಿಕೆಗೇ ಹೆಚ್ಚು ತೂಕ. ಅಷ್ಟಾದರೂ ಲೆಕ್ಕ ತಪ್ಪುವುದುಂಟು. ಹೆಚ್ಚು ಹಾರಿದರೆ ಕೋಲಿನ ಸುತ್ತ ತಿರುಗಿ, ಕಡಿಮೆಯಾದರೆ ಉಗುರಿನಿಂದ ಜೋತು ಅದು ತನ್ನನ್ನು ಉಳಿಸಿಕೊಳ್ಳುತ್ತದೆ. ಆ ಪ್ರಯೋಗದಲ್ಲಿ ಒಂದು ಅಳಿಲೂ ನೆಲಕ್ಕೆ ಬೀಳಲಿಲ್ಲ. ಬಸವಕಲ್ಯಾಣದ ಹಿತ್ತಲಿನ ಇಣಚಿಗೆ ತೂಗಿ ನೋಡುವ ಸಮಯವನ್ನೇ ಹುಡುಗರು ಕೊಟ್ಟಿರಲಿಲ್ಲ. ಹೆದರಿಸಿ ಹಾರಿಸಿದ್ದು ಹಾರಾಟವಲ್ಲ, ಓಟ.

ಹುಡುಗ ಒಂದು ನೋಟುಬುಕ್ ತೆಗೆದ. ಕ್ಯಾಮೆರಾ ಒಳಗಿಟ್ಟು ಬರೀ ನೋಡತೊಡಗಿದ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಸಂಜೆ ಐದರ ಮೇಲೆ ಇಣಚಿಗಳ ಓಡಾಟ ಜೋರು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅವೂ ನೆರಳು ಹಿಡಿಯುತ್ತವೆ. ಮರದಲ್ಲಿ ಹತ್ತಾರು ಕೊಂಬೆಗಳಿದ್ದರೂ ಗೋಡೆಗೆ ಹಾರುವುದು ಹೆಚ್ಚಾಗಿ ಒಂದೇ ಕೊಂಬೆಯಿಂದ, ಅದರ ಒಂದು ಗಂಟಿನ ಹತ್ತಿರದಿಂದ. ಆ ಗಂಟಿನ ತೊಗಟೆ ಉಗುರು ತಾಗಿ ತಾಗಿ ನುಣುಪಾಗಿತ್ತು. ಹಾರುವ ಮುನ್ನ ಇಣಚಿ ಹಿಂಗಾಲು ಕೂಡಿಸಿ ಕೂರುತ್ತದೆ. ಆಮೇಲೆ ತಲೆಯನ್ನು ಮೇಲೆ ಕೆಳಗೆ ಎರಡು ಮೂರು ಸಲ ಆಡಿಸುತ್ತದೆ, ಅಂಗಡಿಯವನ ಬೆಲೆಗೆ ಒಪ್ಪಿ ತಲೆದೂಗುವ ಗಿರಾಕಿಯಂತೆ. ತಲೆ ನಿಂತಿತೋ, ಹಾರಿತು. ಹರಳು ಎಸೆದ ದಿನ ತಲೆ ಆಡಿರಲಿಲ್ಲ. ಹುಡುಗ ಇದನ್ನೂ ಬರೆದಿಟ್ಟ.

ಬಿದಿರಿನ ಗಳ ಹಿಡಿದು ಗಂಟಿನಿಂದ ಗೋಡೆಗೆ ಅಳೆದ: ನಾಲ್ಕು ಅಡಿ, ಅಂದರೆ ಸುಮಾರು 1.2 ಮೀಟರ್. ಮಾವನ ಮೊಬೈಲಿನಲ್ಲಿ ವಿಡಿಯೋ ತೆಗೆದು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ಎಣಿಸಿದ. ಸೆಕೆಂಡಿಗೆ 30 ಚಿತ್ರಗಳ ವಿಡಿಯೋದಲ್ಲಿ ಕಾಲು ಕೊಂಬೆ ಬಿಟ್ಟಾಗಿನಿಂದ ಗೋಡೆ ಮುಟ್ಟುವವರೆಗೆ 12 ಚಿತ್ರ. ಹಾಗಾದರೆ ಇಡೀ ಜಿಗಿತಕ್ಕೆ 0.4 ಸೆಕೆಂಡು, ವೇಗ ಸೆಕೆಂಡಿಗೆ 3 ಮೀಟರ್.

ನಾನೂರು ಚಿತ್ರ ಹಾಳಾದ ಕಾರಣ ಈಗ ಹೊಳೆಯಿತು. ಮನುಷ್ಯನ ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಸುಮಾರು 0.2 ಸೆಕೆಂಡು ಬೇಕು. ಇಣಚಿ ಹಾರಿತು ಎಂದು ತಿಳಿದು ಬಟನ್ ಒತ್ತುವಷ್ಟರಲ್ಲಿ ಅರ್ಧ ಜಿಗಿತ ಮುಗಿದಿರುತ್ತದೆ. ಸೆಕೆಂಡಿಗೆ ಮೂರು ಚಿತ್ರವೆಂದರೆ ಇಡೀ ಜಿಗಿತದಲ್ಲಿ ಸಿಗುವುದು ಒಂದು, ಅದೂ ಅದೃಷ್ಟವಿದ್ದರೆ. ಷಟರ್ ವೇಗ 1/125 ಇಟ್ಟರೆ ಅಷ್ಟರೊಳಗೆ ಇಣಚಿ 2.4 ಸೆಂಟಿಮೀಟರ್ ಸರಿದಿರುತ್ತದೆ. ಚಿತ್ರದಲ್ಲಿ ಬಂದ ಕಂದು ಗೆರೆ ಅದೇ. 1/2000 ಇಟ್ಟರೆ ಸರಿಯುವುದು ಬರೀ ಒಂದೂವರೆ ಮಿಲಿಮೀಟರ್.

ಇನ್ನೊಂದು ತಪ್ಪೂ ಸಿಕ್ಕಿತು. ಗಂಟಿನಿಂದ ಗೋಡೆಗೆ ನೇರ ಗೆರೆ ಎಳೆದು ಹುಡುಗ ಅಲ್ಲಿಗೇ ಕ್ಯಾಮೆರಾ ಹಿಡಿಯುತ್ತಿದ್ದ. ಎರಡೂ ಒಂದೇ ಎತ್ತರದಲ್ಲಿದ್ದವು. ಇಣಚಿ ನೇರವಾಗಿ ಹೋಗುವುದಿಲ್ಲ, ಮೇಲೆದ್ದು ಇಳಿಯುತ್ತದೆ. ಎಷ್ಟು ಮೇಲೆ? ಏರಲು 0.2 ಸೆಕೆಂಡು, ಇಳಿಯಲು 0.2 ಸೆಕೆಂಡು. ಒಂಬತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ಸೂತ್ರ ನೆನಪಿಗೆ ಬಂತು. ಗುರುತ್ವದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಬೇಕು: 5ನ್ನು 0.04ರಿಂದ ಗುಣಿಸಿದರೆ 0.2 ಮೀಟರ್, ಹತ್ತಿರ ಹತ್ತಿರ ಒಂದು ಗೇಣು. ಕ್ಯಾಮೆರಾ ಒಂದು ಗೇಣು ಮೇಲೆ ನೋಡಬೇಕಿತ್ತು. ಪರೀಕ್ಷೆಯಲ್ಲಿ ಅಂಕಕ್ಕಾಗಿ ಬರೆದಿದ್ದ ಸೂತ್ರ ಬೇವಿನ ಮರದಲ್ಲಿ ಓಡಾಡುತ್ತಿರುವುದನ್ನು ಕಂಡು ಹುಡುಗ ಬೆಕ್ಕಸಬೆರಗಾದ.

ಮೇ 8ರಂದು ಫಲಿತಾಂಶ ಬಂತು. ಪ್ರಥಮ ದರ್ಜೆ ಬಂದಿತ್ತು. ಆದರೆ ಮನೆಯಲ್ಲಿ ಅಂದುಕೊಂಡಷ್ಟು ಅಂಕವಿರಲಿಲ್ಲ, ಗಣಿತದಲ್ಲಂತೂ ಬಹಳ ಕಡಿಮೆ. ಫೋನಿನಲ್ಲಿ ತಾಯಿಯ ದನಿ ಸಣ್ಣಗಾಗಿತ್ತು. ತಂದೆ, "ಐತವಾರ ಬರ್ತೀನಿ, ಬ್ಯಾಗ್ ತುಂಬಿ ಇಡು" ಎಂದು ಫೋನ್ ಇಟ್ಟರು. ಹುಡುಗನ ಕೈಯಲ್ಲಿ ಅಷ್ಟರೊಳಗೆ ಒಂದೇ ಒಂದು ಚಿತ್ರವಿತ್ತು. ಇಣಚಿ ಸಿಕ್ಕಿತ್ತು, ಆದರೆ ಬಾಲ ಅರ್ಧ ಕತ್ತರಿಸಿಹೋಗಿತ್ತು, ಕಣ್ಣು ಮಸುಕಾಗಿತ್ತು.

ತಂದೆ ಶನಿವಾರ ಸಂಜೆಯೇ ಬಂದರು. ಬೈಯಬೇಕೆಂದೇ ಬಂದಿದ್ದಿರಬೇಕು. ಊಟವಾದ ಮೇಲೆ ನೋಟುಬುಕ್ ಕೈಗೆ ಸಿಕ್ಕಿತು. ಪುಟ ತಿರುವಿದರು. ಹೊತ್ತು, ಕೊಂಬೆ, ತಲೆಯಾಡಿಸಿದ ಎಣಿಕೆ, ಗುಣಾಕಾರ, ಭಾಗಾಕಾರ. ಬಹಳ ಹೊತ್ತಿನ ಮೇಲೆ ಕೇಳಿದರು: "ಈ ಗಣಿತ ಯಾರ್ ಹೇಳಿಕೊಟ್ರು?"

"ಯಾರೂ ಇಲ್ಲ."

ಆ ರಾತ್ರಿ ಅಂಗಳದಲ್ಲಿ ಮಲಗಿಕೊಂಡು ತಂದೆ ತಮ್ಮ ಕಾಲದ ಮಾತು ತೆಗೆದರು. ಆಗ ಒಂದು ರೋಲಿಗೆ 36 ಚಿತ್ರ. ಒಂದು ತಪ್ಪಿದರೂ ಗಿರಾಕಿಯ ದುಡ್ಡು ಹೋದಂತೆ. ಅವರ ಹಳೆಯ ಪೆಂಟ್ಯಾಕ್ಸ್ ಕೆ-1000 ಕ್ಯಾಮೆರಾದ ಅತಿ ಹೆಚ್ಚಿನ ಷಟರ್ ವೇಗವೇ 1/1000. ವಯಸ್ಸಿನಲ್ಲಿದ್ದಾಗ ಆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋಗಿ, ಚಾಲುಕ್ಯರ ಗುಡಿಯ ಗೋಡೆಯಲ್ಲಿ ನಿಂತು ಶಾಸನ ಬರೆಯುವ ಶಿಲಾಬಾಲಿಕೆಯ ಚಿತ್ರ ತೆಗೆದಿದ್ದರಂತೆ. "ಆಕಿ ಅಲ್ಲಾಡೋದಿಲ್ಲ, ಎಷ್ಟೊತ್ತು ಬೇಕಾದ್ರೂ ನಿಲ್ತಾಳ. ಆದ್ರ ನೋಡಿದ್ರ ಈಗ ಹೊಳ್ಳಿ ನೋಡ್ತಾಳ ಅನಸ್ತದ" ಎಂದರು. ಬೆಂಗಳೂರಿನ ಓ. ಸಿ. ಎಡ್ವರ್ಡ್ಸ್ ಎಂಬವರು ಫ್ಲಾಶ್ ಬೆಳಕಿನಲ್ಲಿ ಹಾರುವ ಹಕ್ಕಿಗಳನ್ನು ಹಿಡಿಯುತ್ತಿದ್ದುದನ್ನೂ, ಅವರ ಶಿಷ್ಯ ಟಿ. ಎನ್. ಎ. ಪೆರುಮಾಳ್ (1932–2017) ದೇಶವಿದೇಶಗಳಲ್ಲಿ ಹೆಸರಾದದ್ದನ್ನೂ ಹೇಳಿದರು. ಫ್ಲಾಶಿನ ಬೆಳಕು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನಷ್ಟು ಹೊತ್ತು ಮಾತ್ರ ಮಿಂಚಿ ಹೋಗುವಂತೆ ಮಾಡಬಹುದು. ಅಷ್ಟು ಹೊತ್ತಿನಲ್ಲಿ ಯಾವ ರೆಕ್ಕೆಯೂ ಅಲುಗುವುದಿಲ್ಲ. ಆದರೆ ಹಕ್ಕಿ ಬರುವ ದಾರಿ ಮೊದಲೇ ಗೊತ್ತಿರದಿದ್ದರೆ ಆ ಮಿಂಚೂ ವ್ಯರ್ಥ.

ಈ ಮಾತು ಹಳೆಯದೇ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ, ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ. ಅವನೂ ಕುದುರೆಯ ಹಿಂದೆ ಓಡಲಿಲ್ಲ. ಅದು ಹಾಯುವ ದಾರಿಯ ಪಕ್ಕ ಕ್ಯಾಮೆರಾಗಳನ್ನು ಸಾಲಾಗಿಟ್ಟು ಅಡ್ಡಕ್ಕೆ ತಂತಿ ಕಟ್ಟಿದ. ಕುದುರೆಯ ಕಾಲು ತಾಗಿದಂತೆ ಒಂದೊಂದೇ ಕ್ಯಾಮೆರಾ ಕಣ್ಣು ತೆರೆಯಿತು. ನಾಲ್ಕೂ ಕಾಲು ನೆಲ ಬಿಡುತ್ತವೆ ಎಂದು ಚಿತ್ರ ಹೇಳಿತು. ಆದರೆ ಚಿತ್ರಕಾರರು ಅಲ್ಲಿಯವರೆಗೆ ಬರೆಯುತ್ತಿದ್ದಂತೆ ಕಾಲುಗಳನ್ನು ಹಿಂದೆ ಮುಂದೆ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಕೂಡಿಸಿಕೊಂಡಾಗ. ಸಾವಿರಾರು ವರ್ಷ ಕುದುರೆಯ ಜೊತೆಗಿದ್ದ ಮನುಷ್ಯನಿಗೂ ಅದು ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ತಂದೆ ಮಗ ಇಬ್ಬರೂ ಹಿತ್ತಲಲ್ಲಿ ಕೂತರು. ತಂದೆ ತಮಗೆ ಗೊತ್ತಿದ್ದುದನ್ನು ಕೂಡಿಸಿದರು. ಹುಡುಗ ಕೂರುತ್ತಿದ್ದುದು ಗೋಡೆಯ ಹಿಂದೆ, ಇಣಚಿ ಎದುರಿಗೆ ಹಾರಿ ಬರಲೆಂದು. 200 ಮಿ.ಮೀ. ಲೆನ್ಸಿನಲ್ಲಿ ನಾಲ್ಕು ಮೀಟರ್ ದೂರಕ್ಕೆ ಸ್ಪಷ್ಟವಾಗಿ ಕಾಣುವ ಆಳ ನಾಲ್ಕು ಬೆರಳಿನಗಲಕ್ಕಿಂತ ತುಸು ಹೆಚ್ಚು, ಅಷ್ಟೇ. ಎದುರಿಗೆ ಬರುವ ಇಣಚಿ ಆ ನಾಲ್ಕು ಬೆರಳನ್ನು ದಾಟಲು ಎಷ್ಟು ಹೊತ್ತು? ಮಗ್ಗುಲಲ್ಲಿ ಕೂತರೆ ಜಿಗಿತದ ಉದ್ದಕ್ಕೂ ಅದು ಒಂದೇ ದೂರದಲ್ಲಿರುತ್ತದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಗಂಟಿಗೂ ಗೋಡೆಗೂ ನಡುವೆ ಗಳ ಹಿಡಿದು ಅದರ ತುದಿಗೆ ಫೋಕಸ್ ಮಾಡಿ, ಫೋಕಸ್ ಅಲ್ಲೇ ಕಟ್ಟಿಹಾಕಿ, ಗಳ ತೆಗೆದರು. ಕ್ಯಾಮೆರಾ ಒಂದು ಗೇಣು ಮೇಲಕ್ಕೆ. ಬಿಸಿಲು ಗೋಡೆಗೆ ಬಿದ್ದಿತ್ತು, ಷಟರ್ 1/2000.

"ಬಟನ್ ನೀ ಒತ್ತಪಾ, ನನ್ನ ಕೈ ನಡಗ್ತದ" ಎಂದ ಹುಡುಗ. ತಂದೆ ಬೆರಳಿಟ್ಟರು. ಮಗ ಕ್ಯಾಮೆರಾದ ಕಡೆ ನೋಡಲಿಲ್ಲ, ಕೊಂಬೆಯ ಗಂಟನ್ನೇ ನೋಡುತ್ತಿದ್ದ. ಇಣಚಿ ಬಂತು, ಹಿಂದಕ್ಕೆ ಹೋಯಿತು. ಮತ್ತೆ ಬಂತು. ಹಿಂಗಾಲು ಕೂಡಿತು. ತಲೆ ಒಂದು ಸಲ ಆಡಿತು, ಎರಡು ಸಲ ಆಡಿತು. "ಈಗ" ಎಂದ ಹುಡುಗ. ಇಣಚಿ ಇನ್ನೂ ಕೊಂಬೆಯ ಮೇಲೇ ಇತ್ತು. ತಂದೆ ಒತ್ತಿದರು.

ಹಾಗೆ ಆ ಬೆಳಿಗ್ಗೆ ಹದಿನೇಳು ಸಲ ಒತ್ತಿದರು. ಹದಿನಾರು ತಪ್ಪಿದವು. ಒಂದರಲ್ಲಿ ಇಣಚಿ ಇತ್ತು. ಇಡೀ ಇಣಚಿ. ಮುಂಗಾಲು ಎರಡೂ ಮುಂದಕ್ಕೆ, ಬೆರಳುಗಳು ಬಿಡಿಸಿಕೊಂಡಿವೆ. ಹಿಂಗಾಲು ಒದ್ದ ಹಾಗೆಯೇ ಹಿಂದಕ್ಕೆ ಚಾಚಿವೆ. ಬಾಲ ಬೆನ್ನಿನ ಗೆರೆಗೆ ನೇರವಾಗಿ ಹಿಂದೆ ತೇಲುತ್ತಿದೆ. ಕಣ್ಣಿನಲ್ಲಿ ಬಿಸಿಲಿನ ಒಂದು ಚುಕ್ಕೆ. ಹಿಂದೆ ಬೇವಿನ ಕೊಂಬೆ ಒದೆತಕ್ಕೆ ಬಾಗಿದ್ದು ಇನ್ನೂ ನೆಟ್ಟಗಾಗಿಲ್ಲ. ಅಳಿಲಿಗೆ ವಿಜ್ಞಾನಿಗಳು ಇಟ್ಟ ಹೆಸರು 'ಫ್ಯೂನಾಂಬುಲಸ್'. ಲ್ಯಾಟಿನ್‌ನಲ್ಲಿ ಹಾಗೆಂದರೆ ಹಗ್ಗದ ಮೇಲೆ ನಡೆಯುವವ. ಚಿತ್ರದಲ್ಲಿ ಅದರ ಕಾಲ ಕೆಳಗೆ ಹಗ್ಗವೂ ಇರಲಿಲ್ಲ.

ಬಟನ್ ಒತ್ತುವ ಮುಂಚಿನ ಅರ್ಧ ಸೆಕೆಂಡನ್ನೂ ತಾವೇ ಉಳಿಸಿಕೊಳ್ಳುವ ಕ್ಯಾಮೆರಾಗಳು ಈಗ ಬಂದಿವೆ. ಅವುಗಳಿದ್ದರೆ ಬೆರಳು ತಡವಾದರೂ ಚಿಂತೆಯಿಲ್ಲ. ಆದರೆ ಹಾಗೆ ಸಿಕ್ಕ ಚಿತ್ರದ ಜೊತೆ ನೋಟುಬುಕ್ ಇರುತ್ತದೆಂದು ಹೇಳಲಾಗದು.

ಜೂನ್ ತಿಂಗಳಲ್ಲಿ ಹುಡುಗ ಪಿಯುಸಿ ವಿಜ್ಞಾನಕ್ಕೆ ಸೇರಿದ. ಗಣಿತ ಅವನಿಗೆ ಸುಲಭವೇನೂ ಆಗಲಿಲ್ಲ. ಮುಂದೆ ಏನಾಗುತ್ತಾನೆಂಬುದನ್ನು ಮನೆಯಲ್ಲಿ ಯಾರೂ ತೀರ್ಮಾನಿಸಿಲ್ಲ. ತಂದೆ, "ಈ ಧಂದೆ ಮುಗೀಲಿ" ಎನ್ನುವುದನ್ನು ಮಾತ್ರ ಬಿಟ್ಟಿದ್ದಾರೆ. ಇಣಚಿಯ ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಹಾಕಿ ಸ್ಟುಡಿಯೋದ ಗಾಜಿನೊಳಗೆ, ಮದುಮಕ್ಕಳ ಫೋಟೊಗಳ ನಡುವೆ, ತೂಗುಹಾಕಿದ್ದಾರೆ. ಯಾರು ತೆಗೆದದ್ದೆಂದು ಕೇಳಿದವರಿಗೆ, "ಬಟನ್ ಒತ್ತಿದವ ನಾ. ಫೋಟೊ ನನ್ನ ಮಗಂದು" ಎನ್ನುತ್ತಾರೆ.

ಇನ್ನೊಂದು ಪ್ರತಿ ಬಸವಕಲ್ಯಾಣಕ್ಕೆ ಹೋಯಿತು. ಆಯಿ ಅದನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಹುಡುಗ ಹುರುಪಿನಿಂದ, ಅದು ಹಾರುವ ಮುಂಚೆ ತಲೆ ಆಡಿಸುತ್ತದೆ, ಅದನ್ನು ನೋಡಿ ಬಟನ್ ಒತ್ತಬೇಕು ಎಂದೆಲ್ಲ ವಿವರಿಸಿದ.

"ತಲಿ ಆಡಸ್ತದ, ಹೌದು" ಎಂದರು ಆಯಿ. "ಎಲ್ಲಾ ಇಣಚಿನೂ ಆಡಸ್ತಾವ. ಒಂದ್ ಮಾತ್ ಕೇಳಿದ್ರ ನಾ ಅವತ್ತೇ ಹೇಳ್ತಿದ್ದೆ, ತಮ್ಮಾ."